ಹೊರಟವರನ್ನು ಕೇಳಬಾರದು

ಮನೆಯಿಂದ ಹೊರಟವರನ್ನು ಎಲ್ಲಿಗೆಂದು ಕೇಳಬಾರದು. ಹೊಸ್ತಿಲು ದಾಟಿದವರನ್ನು ಹಿಂದಿನಿಂದ ಕೂಗಬಾರದು. ಜಟ್ಟೆಮ್ಮನ ಕಾನೂನಿನಲ್ಲಿ ಇವೆರಡಕ್ಕೆ ಮೊದಲ ಜಾಗ. ಕೇಳಿದರೆ ಹೋದ ಕೆಲಸ ಕೆಡುತ್ತದೆ, ಕೂಗಿದರೆ ಹೋದವರಿಗೆ ಕೇಡಾಗುತ್ತದೆ. ಸುರಪುರದ ಕಡೆಯ ಹಳ್ಳಿಯಿಂದ ಮರ್ಫಿ ಟೌನಿನ ಬಾಡಿಗೆ ಮನೆಗೆ ಬರುವಾಗ ಆಕೆ ರೊಟ್ಟಿಯ ಹಂಚು, ಒಂದು ಕಂಬಳಿ ಮತ್ತು ಈ ಎರಡು ಮಾತುಗಳನ್ನು ಜೋಪಾನವಾಗಿ ತಂದಿದ್ದಳು.

ಆದರೆ ಆಕೆಗೆ ಸಿಕ್ಕ ಸೊಸೆಗೆ ಪ್ರಪಂಚದಲ್ಲಿ ಕೇಳಬೇಕಾಗಿದ್ದದ್ದೇ ಆ ಒಂದು ಪ್ರಶ್ನೆ.

"ಎಲ್ಲಿಗಿ ಹೊಂಟೀರಿ? ಯಾವಾಗ ಬರ್ತೀರಿ? ಬರ್ತೀರಿ ಹೌದಿಲ್ಲೋ?"

ಸೊಸೆಯ ಹೆಸರು ನಾಗರತ್ನಾ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಶಕೀಲಾ ಎಂಬುವರ ಅಂಗಡಿಯಲ್ಲಿ, ಸೀರೆಗಳಿಗೆ ಫಾಲ್ ಹಚ್ಚಿ ಕುಚ್ಚು ಕಟ್ಟುವ ಕೆಲಸ ಅವಳದು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಂಡ ಮುತ್ತಣ್ಣ ಕೆ.ಆರ್. ಪುರದ ಮಾಲೀಕನೊಬ್ಬನ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಇಂದಿರಾನಗರದ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ಕೈಕೊಟ್ಟ ತಕ್ಷಣ ಇವನ ಫೋನ್ ಬಡಿದುಕೊಳ್ಳುತ್ತಿತ್ತು. ಫೋನ್ ಬಂತೆಂದರೆ ಊಟದ ತಟ್ಟೆ ಮುಂದಿದ್ದರೂ ಏಳಬೇಕು. ಇಂಥ ಕೆಲಸದವನನ್ನು ಇಂಥ ಹೆಂಡತಿಗೆ ಗಂಟುಹಾಕಿದ ಹಿರಿಯರಿಗೆ ಒಳಗೊಳಗೇ ತಮಾಷೆ ನೋಡುವ ಚಪಲ ಇದ್ದಿರಬೇಕು.

ಅವಳಿಗೆ ಗಂಡನೆಂದರೆ ಪ್ರಾಣ. ಎಲ್ಲ ಹೆಂಡಂದಿರೂ ಬಾಯಿಮಾತಿಗೆ ಹಾಗೆ ಹೇಳುತ್ತಾರೆ. ನಾಗರತ್ನಾಳ ಮಟ್ಟಿಗೆ ಅದು ಪೂರ್ತಿ ನಿಜವಾಗಿತ್ತು, ತೊಂದರೆಯೂ ಅಲ್ಲೇ ಇತ್ತು. ಅವನು ಕಣ್ಣೆದುರಿಗಿದ್ದರೆ ಎಲ್ಲವೂ ಸರಿ. ಬಾಗಿಲು ದಾಟಿದನೆಂದರೆ ಎಲ್ಲವೂ ಮುಗಿಯಿತು. ಇವನು ಮತ್ತೆ ಬರುವುದಿಲ್ಲ ಎಂಬುದು ಅವಳಿಗೆ ಬರೀ ಅನುಮಾನವಾಗಿ ಉಳಿಯುತ್ತಿರಲಿಲ್ಲ, ಆಗಿಹೋದ ಸುದ್ದಿಯ ಹಾಗೆ ಖಚಿತವಾಗಿ ಬಂದು ಕೂರುತ್ತಿತ್ತು. ಫೋನ್ ಮಾಡುವಳು. ಎತ್ತದಿದ್ದರೆ ಮತ್ತೆ ಮಾಡುವಳು, ಎತ್ತುವ ತನಕ ಮಾಡುವಳು. ಟ್ಯಾಂಕರ್ ಓಡಿಸುವವನು ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಎಲ್ಲಿಂದ ಎತ್ತಬೇಕು? ಬೆಳಿಗ್ಗೆ ದೇವರಾಗಿದ್ದ ಮುತ್ತಣ್ಣ ಮಧ್ಯಾಹ್ನಕ್ಕೆ ದೆವ್ವವಾಗುತ್ತಿದ್ದ. ಸಂಜೆ ಮನೆಗೆ ಬಂದರೆ ಮತ್ತೆ ದೇವರು, ಹೋಳಿಗೆಯ ನೈವೇದ್ಯ ಸಮೇತ. ಒಮ್ಮೆಯಂತೂ ನೀರು ತುಂಬಿಸುವ ಜಾಗಕ್ಕೇ ಹೋಗಿ, ಬೇರೆ ಡ್ರೈವರುಗಳ ಮುಂದೆ ಅವನ ಅಂಗಿಯ ಕಾಲರ್ ಹಿಡಿದು, "ನನ್ನ ಬಿಟ್ಟು ಹೋಗಾಕ ನೋಡ್ತೀಯಾ" ಎಂದು ಕೂಗಾಡಿ ಬಂದಿದ್ದಳು. ಮಾರನೆಯ ದಿನ ಆ ನಾಚಿಕೆಗೆ ಕೆಲಸಕ್ಕೂ ಹೋಗದೆ ಮುಸುಕು ಹಾಕಿಕೊಂಡು ಮಲಗಿದ್ದಳು.

ಅವಳ ಚಿಕ್ಕಂದಿನ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಅಪ್ಪ ಅಮ್ಮ ಗುಳೆ ಹೋಗುವವರು. ಸುಗ್ಗಿ ಮುಗಿದ ಮೇಲೆ ಊರಿಗೂರೇ ಗಂಟುಮೂಟೆ ಕಟ್ಟಿಕೊಂಡು ದೊಡ್ಡ ಊರುಗಳಿಗೆ ಇಟ್ಟಿಗೆ ಹೊರಲು ಹೊರಡುತ್ತಿತ್ತು. ಮಗುವನ್ನು ಅಜ್ಜಿಯ ಬಳಿ ಬಿಡುತ್ತಿದ್ದರು. ಅತ್ತು ರಂಪ ಮಾಡುತ್ತಾಳೆಂದು, ಅವಳು ನಿದ್ದೆಯಲ್ಲಿರುವಾಗಲೋ, ಅಂಗಡಿಗೆ ಬೆಲ್ಲ ತರಲು ಕಳಿಸಿದಾಗಲೋ, ಹೇಳದೆ ಹೋಗಿಬಿಡುತ್ತಿದ್ದರು. ಬೆಲ್ಲ ಹಿಡಿದುಕೊಂಡು ಬಂದರೆ ಮನೆ ಖಾಲಿ. ಯಾರೂ ಕೆಟ್ಟವರಲ್ಲ, ಹಾಗೆ ಮಾಡುವುದೇ ಮಗುವಿಗೆ ಒಳ್ಳೆಯದೆಂದು ಆ ಊರಿನವರೆಲ್ಲ ನಂಬಿದ್ದರು. ಆ ಊರಿನ ಎಲ್ಲ ಮಕ್ಕಳೂ ನಾಗರತ್ನಾಳ ಹಾಗಾಗಲಿಲ್ಲ ಎನ್ನುವುದೂ ನಿಜ. ಕೆಲವರ ಮನಸ್ಸಿಗೆ ಚರ್ಮ ತೆಳ್ಳಗಿರುತ್ತದೆ, ಅಷ್ಟೇ.

ಮದುವೆಯಾದ ಮೊದಲ ವರ್ಷ ಮುತ್ತಣ್ಣ ತಾಳ್ಮೆಯಿಂದಲೇ ಉತ್ತರ ಕೊಡುತ್ತಿದ್ದ. ಹಲಸೂರಿಗೆ, ಹೊಸಕೋಟೆಗೆ, ಇನ್ನೇನು ಬಂದೆ ಎನ್ನುತ್ತಿದ್ದ. ಒಂದು ದಿನ ಅವನು ಓಣಿ ದಾಟುವಾಗ ನಾಗರತ್ನಾ ಬರಿಗಾಲಲ್ಲಿ ಹಿಂದೆ ಓಡಿ, "ಎಲ್ಲಿಗಿ ಅಂತ ಹೇಳ್ಲಿಲ್ಲ, ನಿಲ್ಲ್ರಿ" ಎಂದು ಕೂಗಿದಳು. ಅದೇ ದಿನ ಟ್ಯಾಂಕರ್ ಡಿವೈಡರಿಗೆ ತಗುಲಿತು. ಕನ್ನಡಿ ಒಡೆಯಿತು, ಮುತ್ತಣ್ಣನ ಮೊಣಕೈಗೆ ಹೊಲಿಗೆ ಬಿತ್ತು. ಜಟ್ಟೆಮ್ಮನಿಗೆ ಸಾಕ್ಷಿ ಬೇಕಿತ್ತು, ಸಿಕ್ಕಿತು.

"ಹಿಂದಿಂದ ಒದರಬ್ಯಾಡ ಅಂತ ಎಷ್ಟ್ ಸಲ ಹೇಳೀನಿ ನಿನಗ? ನನ್ನ ಮಗನ್ನ ತಿಂದು ನೀರ್ ಕುಡೀತೀ ನೀನು."

ಅಂದಿನಿಂದ ತಾಯಿ ಮಗ ಸೇರಿ ಒಂದು ಉಪಾಯ ಕಂಡುಕೊಂಡರು. ಮುತ್ತಣ್ಣ ಹೇಳದೆ ಹೋಗತೊಡಗಿದ. ಚಪ್ಪಲಿಯನ್ನು ಮೊದಲೇ ಓಣಿಯ ಕೊನೆಯಲ್ಲಿಟ್ಟಿರುವುದು. ನಾಗರತ್ನಾ ನೀರು ಹಿಡಿಯಲು ಹೋದಾಗಲೋ, ಸ್ನಾನಕ್ಕೆ ಹೋದಾಗಲೋ, ಮುಖದಲ್ಲಿ ಏನನ್ನೂ ತೋರಿಸದೆ ಜಾರಿಕೊಳ್ಳುವುದು. ಜಗಳ ತಪ್ಪಿತೆಂದು ಇಬ್ಬರಿಗೂ ಸಮಾಧಾನ. ಉರಿಯುವ ಬೆಂಕಿಗೆ ಸೀಮೆಎಣ್ಣೆ ಸುರಿದು ಬೆಂಕಿ ಆರಿಸಿದೆವೆಂದು ಕೈ ಒರೆಸಿಕೊಂಡ ಹಾಗಾಯಿತು.

ನಾಗರತ್ನಾ ಸ್ನಾನದಿಂದ ಬರುವಳು, ಮನೆ ಖಾಲಿ. ಅತ್ತೆ ರೊಟ್ಟಿ ಬಡಿಯುತ್ತಾ ಕೂತಿರುವಳು, ಮಾತಿಲ್ಲ. ಅಂಥ ಒಂದು ಬೆಳಿಗ್ಗೆ ನಾಗರತ್ನಾ ತನ್ನ ಕೈಗೆ ತಾನೇ ಗಾಯ ಮಾಡಿಕೊಂಡಳು. ಸಾಯಬೇಕೆಂದಲ್ಲ. ಒಳಗಿನ ನೋವಿಗೆ ಒಂದು ಜಾಗ ಸಿಕ್ಕರೆ ಸಾಕಾಗಿತ್ತು ಎಂದು ಆಮೇಲೆ ಹೇಳಿದಳು. ಉದ್ದ ತೋಳಿನ ರವಿಕೆ ತೊಟ್ಟು ಕೆಲಸಕ್ಕೆ ಹೋದಳು. ಶಕೀಲಾ ಮೂವತ್ತು ವರ್ಷದಿಂದ ಹೆಂಗಸರ ರವಿಕೆಯ ಅಳತೆ ತೆಗೆದವರು. ಅಂಥ ಸೆಖೆಯಲ್ಲಿ ಉದ್ದ ತೋಳು ಯಾಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಕ್ಯಾ ಹುವಾ ನಾಗರತ್ನಾ? ಕೈ ತೋರ್ಸು. ತೋರ್ಸಮ್ಮ, ನಾನು ಬೈಯಲ್ಲ."

ಅವರು ಬೈಯಲಿಲ್ಲ. ಅಂಗಡಿಯ ಶಟರ್ ಎಳೆದು, ಆಟೋ ಹತ್ತಿಸಿ, ದೊಡ್ಡ ಆಸ್ಪತ್ರೆಯ ಮನೋವೈದ್ಯರ ವಿಭಾಗಕ್ಕೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅವಳ ಇನ್ನೊಂದು ಕೈ ಹಿಡಿದುಕೊಂಡೇ ಕೂತಿದ್ದರು.

ಅಲ್ಲಿ ಸಿಕ್ಕವರು ಡಾಕ್ಟರ್ ಸೃಷ್ಟಿ, ದಾವಣಗೆರೆ ಕಡೆಯ ಹುಡುಗಿ, ಅವಸರವಿಲ್ಲದ ಮಾತು. ಕೆಲವು ಭೇಟಿಗಳ ನಂತರ ಕಾಯಿಲೆಯ ಹೆಸರು ಹೇಳಿದರು: ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಹೆಸರು ಕೇಳಿ ನಾಗರತ್ನಾಗೆ ಏನೂ ಅರ್ಥವಾಗಲಿಲ್ಲ. ಮುಂದಿನ ಮಾತು ಅರ್ಥವಾಯಿತು.

"ಎಲ್ಲರ ಮನೇಲೂ ಒಲೆ ಇರುತ್ತೆ ಅಲ್ವಾ? ನಿಮ್ಮ ಒಲೆ ಬೇಗ ಹೊತ್ತಿಕೊಳ್ಳುತ್ತೆ, ಜೋರಾಗಿ ಉರಿಯುತ್ತೆ, ಆರೋಕೆ ತುಂಬಾ ಹೊತ್ತು ಹಿಡಿಯುತ್ತೆ. ಅದು ನಿಮ್ಮ ಸೊಕ್ಕಲ್ಲ, ಕೆಟ್ಟ ಬುದ್ಧಿನೂ ಅಲ್ಲ."

ಹುಟ್ಟಿದಾಗಿನಿಂದ ಸೊಕ್ಕಿನವಳು ಎನ್ನಿಸಿಕೊಂಡು ಬಂದವಳಿಗೆ ಆ ಮಾತು ಕೇಳಿ ಅಳು ಬಂತು.

ಆಸ್ಪತ್ರೆಯಲ್ಲಿ ಆಗ ಒಂದು ಅಧ್ಯಯನ ನಡೆಯುತ್ತಿತ್ತು. ಈ ಕಾಯಿಲೆಯವರನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ, ಗಮನವಿಟ್ಟು ಇರುವುದನ್ನು ಕಲಿಸುವುದು. ಮೈಂಡ್‌ಫುಲ್‌ನೆಸ್ ಎನ್ನುತ್ತಿದ್ದರು. ಕಲಿಕೆಗೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ, ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಮಿದುಳು ಹೇಗೆ ಕೆಲಸ ಮಾಡುತ್ತದೆಂದು ನೋಡುವುದು. ಕಿವಿಯ ಮಟ್ಟದಲ್ಲಿ, ಮಿದುಳಿನ ಆಳದಲ್ಲಿ ಬಾದಾಮಿಯಷ್ಟು ದೊಡ್ಡ ಒಂದು ಭಾಗವಿದೆ, ಅಪಾಯ ಕಂಡಾಗ ಮೊದಲು ಎಚ್ಚರಾಗುವುದು ಅದೇ, ನಿಮ್ಮಂಥವರಲ್ಲಿ ಅದು ಸ್ವಲ್ಪಕ್ಕೇ ಎದ್ದು ಕೂರುತ್ತದೆ, ಹಣೆಯ ಹಿಂದಿನ ಭಾಗ ಅದನ್ನು ಸಮಾಧಾನ ಮಾಡಬೇಕು, ಅದಕ್ಕೆ ಅಭ್ಯಾಸ ಕೊಟ್ಟರೆ ಏನಾಗುತ್ತದೆಂದು ನೋಡುತ್ತಿದ್ದೇವೆ, ಎಂದು ಸೃಷ್ಟಿ ವಿವರಿಸಿದರು. ನಾಗರತ್ನಾ ಒಪ್ಪಿದಳು.

ಮನೆಯಲ್ಲಿ ಗದ್ದಲವಾದದ್ದು ಮಿದುಳಿನ ಬಗ್ಗೆಯಲ್ಲ, ತಾಳಿಯ ಬಗ್ಗೆ. ಆ ಯಂತ್ರದ ಹತ್ತಿರ ಲೋಹ ತರುವಂತಿಲ್ಲ. ತಾಳಿ, ಕಾಲುಂಗುರ, ಮೂಗುತಿ, ಎಲ್ಲ ತೆಗೆಯಬೇಕು.

"ಗಂಡ ಗಟ್ಟಿಯಾಗಿ ಓಡಾಡಿಕೊಂಡಾನ, ತಾಳಿ ತೆಗೀ ಅಂತಾರಂತ!" ಎಂದು ಜಟ್ಟೆಮ್ಮ ಇಡೀ ಓಣಿಗೆ ಕೇಳುವಂತೆ ಬೈದಳು. ಕೊನೆಗೆ ತಾನೇ ಜೊತೆಗೆ ಹೊರಟಳು, ಸೊಂಟದಲ್ಲಿ ಒಂದು ಅರಿಶಿನದ ಕೊಂಬು ಮತ್ತು ದಾರ ಸಿಕ್ಕಿಸಿಕೊಂಡು. ಯಂತ್ರದ ಕೋಣೆಯ ಹೊರಗೆ, ಸೊಸೆಯ ಕೊರಳಿಗೆ ಮೊದಲು ಅರಿಶಿನದ ಕೊಂಬು ಕಟ್ಟಿ, ಆಮೇಲೆ ತಾಳಿ ಬಿಚ್ಚಿಸಿದಳು. ಒಂದು ಕ್ಷಣವೂ ಕೊರಳು ಬರಿದಾಗಬಾರದು. ಯಂತ್ರ ನಡೆಸುವಾತ ಕೊಂಬನ್ನು ತಿರುಗಿಸಿ ತಿರುಗಿಸಿ ನೋಡಿ, "ಅರಿಶಿನ ಪರವಾಗಿಲ್ಲಮ್ಮ, ಮಷೀನ್ ಏನೂ ಅನ್ನಲ್ಲ" ಎಂದ. ಜಟ್ಟೆಮ್ಮ ಗೆದ್ದವಳಂತೆ ತಾಳಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬೆಂಚಿನ ಮೇಲೆ ಕೂತಳು.

ಒಳಗೆ, ತಟತಟ ಸದ್ದು ಮಾಡುವ ಕೊಳವೆಯಲ್ಲಿ ನಾಗರತ್ನಾಗೆ ಒಂದರ ಹಿಂದೊಂದು ಮುಖಗಳನ್ನು ತೋರಿಸಿದರು. ಮುಖ ಸಿಟ್ಟಿನದೋ ಅಲ್ಲವೋ ಎಂದು ನೋಡಿ ಗುಂಡಿ ಒತ್ತಬೇಕು. ಹೊರಗೆ ಬಂದವಳ ಮುಖ ಬೆವೆತಿತ್ತು.

"ಮೇಡಂ, ಆ ಮಂದಿಯೆಲ್ಲ ನನ್ ಮ್ಯಾಲೆ ಯಾಕ ಅಷ್ಟು ಸಿಟ್ಟಾಗಿದ್ರು?"

"ಎಲ್ಲರೂ ಅಲ್ಲ ನಾಗರತ್ನಾ. ಕೆಲವರು ಸಿಟ್ಟಾಗಿದ್ರು. ಇನ್ನು ಕೆಲವರ ಮುಖದಲ್ಲಿ ಏನೂ ಇರ್ಲಿಲ್ಲ. ಸುಮ್ನೆ ಖಾಲಿ ಮುಖಗಳು."

ನಾಗರತ್ನಾ ನಂಬಲಿಲ್ಲ. ಸೃಷ್ಟಿ ಕಂಪ್ಯೂಟರಿನಲ್ಲಿ ಒಂದು ಮುಖ ತೋರಿಸಿದರು. ಹಣೆ ಗಂಟಿಕ್ಕಿಲ್ಲ, ತುಟಿ ಬಿಗಿದಿಲ್ಲ. ಅವಳು ಬಹಳ ಹೊತ್ತು ನೋಡಿದಳು. ಆ ಮುಖ ಅವಳಿಗೆ ಗೊತ್ತಿತ್ತು. ಚಪ್ಪಲಿ ಮೊದಲೇ ಹೊರಗಿಟ್ಟು, ಏನನ್ನೂ ತೋರಿಸದೆ ಜಾರಿಕೊಳ್ಳುವ ಮುತ್ತಣ್ಣನ ಮುಖ ಹೀಗೇ ಇರುತ್ತಿತ್ತು. ಅದರಲ್ಲಿ ತನ್ನ ಮೇಲಿನ ದ್ವೇಷವನ್ನು ಅವಳು ಎಷ್ಟೋ ಸಲ ಓದಿದ್ದಳು.

ಮನೆಗೆ ಬಂದ ಮೇಲೆ ಮುತ್ತಣ್ಣ ಒಂದು ಮಾತು ಹೇಳಿದ. ಅವನು ಕೆಟ್ಟವನಲ್ಲ, ದಣಿದಿದ್ದ. ಮಾಲೀಕ ಅವನನ್ನು ಎರಡು ಸಲ ಎಚ್ಚರಿಸಿದ್ದ. ಕೆಲಸದ ಜಾಗದಲ್ಲಿ ಎಲ್ಲರೂ ಅವನನ್ನು ನೋಡಿ ನಗುತ್ತಿದ್ದರು.

"ಕೋರ್ಸ್ ಮುಗೀಲಿ. ಇನ್ನೊಂದ್ ಫೋಟೋ ತೆಗೀತಾರಲ್ಲ, ಅದರಾಗ ಸುಧಾರ್ಸಿದ್ದು ಕಂಡ್ರ ಸರಿ. ಕಾಣಲಿಲ್ಲಂದ್ರ ನಿನ್ನ ತವರಿಗಿ ಬಿಟ್ಟು ಬರ್ತೀನಿ. ನನ್ ಕೈಲಿ ಆಗಲ್ಲ ಇನ್ನ."

ಹೀಗೆ ಒಂದು ಸಂಸಾರದ ತೀರ್ಪನ್ನು ಒಂದು ಯಂತ್ರದ ಕೈಗೆ ಕೊಟ್ಟದ್ದಾಯಿತು.

ನಾಗರತ್ನಾ ಪ್ರತಿ ವಾರ ಹೋದಳು. ಕಲಿಸಿದ್ದು ಕೇಳಲು ತೀರ ಸರಳ. ಚಾಪೆಯ ಮೇಲೆ ಕೂರುವುದು. ಉಸಿರು ಬರುವುದನ್ನು, ಹೋಗುವುದನ್ನು ನೋಡುವುದು. ಮನಸ್ಸು ಓಡಿದರೆ ಬೈಯದೆ ಕರೆದುಕೊಂಡು ಬರುವುದು. ಸಿಟ್ಟು ಬಂದರೆ ಸಿಟ್ಟು ಬಂತು ಎಂದು, ಭಯ ಬಂದರೆ ಭಯ ಬಂತು ಎಂದು ಹೆಸರಿಟ್ಟು ಹೇಳಿಕೊಳ್ಳುವುದು, ಅದು ಹೇಳಿದಂತೆ ತಕ್ಷಣ ಕುಣಿಯದಿರುವುದು. ಕೈಗೆ ಸಿಕ್ಕದ್ದನ್ನು ಮುಟ್ಟಿ, ಇದು ಗೋಡೆ, ಇದು ತಣ್ಣಗಿದೆ ಎಂದು ಗಮನಿಸುವುದು. ಮೊದಲ ವಾರಗಳಲ್ಲಿ ಅವಳಿಗೆ ಉಸಿರಿನ ಬದಲು ಮುತ್ತಣ್ಣನ ಫೋನ್ ನಂಬರೇ ಕಾಣುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ಖಾಲಿ ಮನೆ, ಕೈಯಲ್ಲಿ ಕರಗುವ ಬೆಲ್ಲ. ಒಂದು ದಿನ ಎದ್ದು ಹೊರಗೇ ಬಂದುಬಿಟ್ಟಳು. ಸೃಷ್ಟಿ ಹಿಂದೆಯೇ ಬಂದು, "ಇವತ್ತಿಗೆ ಕಣ್ಣು ತೆಗೆದೇ ಕೂರಿ, ಪರವಾಗಿಲ್ಲ" ಎಂದರು.

ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಜಟ್ಟೆಮ್ಮನ ವ್ಯಾಖ್ಯಾನ ಶುರು.

"ಸುಮ್ನ ಕೂಡೂದು ಕಲಿಯಾಕ ಆಸ್ಪತ್ರಿಗಿ ಹೋಗ್ಬೇಕಾ? ನಮ್ಮ ಎಮ್ಮಿನ್ನ ಕೇಳಿದ್ರೂ ಕಲಿಸ್ತಿತ್ತಲ್ಲ."

ನಾಗರತ್ನಾಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂತು ಎಂದು ಹೇಳಿಕೊಳ್ಳುತ್ತಿದ್ದಳು. ಕೆಲವು ಸಲ ಅಷ್ಟಕ್ಕೇ ನಿಲ್ಲುತ್ತಿತ್ತು. ಕೆಲವು ಸಲ ಅಷ್ಟಕ್ಕೆ ನಿಲ್ಲದೆ ಲೋಟ ಗೋಡೆಗೆ ಹಾರುತ್ತಿತ್ತು. ಕೋರ್ಸಿನ ನಡುವೆ, ಮುತ್ತಣ್ಣ ಹೇಳದೆ ಹೋದ ಒಂದು ಬೆಳಿಗ್ಗೆ, ಅವಳು ಮಾಲೀಕನ ನಂಬರಿಗೇ ಫೋನ್ ಮಾಡಿ ಬಾಯಿಗೆ ಬಂದಂತೆ ಮಾತಾಡಿದಳು. ಎಲ್ಲ ನೆಲಸಮವಾಯಿತೆಂದುಕೊಂಡು ಮರುವಾರ ಆಸ್ಪತ್ರೆಗೆ ಹೋಗಲಿಲ್ಲ. ಶಕೀಲಾ ಮತ್ತೆ ಶಟರ್ ಎಳೆದು ಆಟೋ ಹತ್ತಿಸಿದರು. ಈ ಕಥೆಯಲ್ಲಿ ಪದಕ ಕೊಡುವುದಿದ್ದರೆ ಆ ಹೆಂಗಸಿಗೆ ಕೊಡಬೇಕು.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಬಾಗಿಲಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಓಣಿಯಲ್ಲಿ ಹಾಲಿನ ಗಾಡಿ ನಿಂತಿತ್ತು. ನಾಗರತ್ನಾ, ಯಾವ ದುರುದ್ದೇಶವೂ ಇಲ್ಲದೆ, ಕೇಳಿದಳು.

"ಅತ್ತಿ, ಮಾವ ಎಂದ್ ಹೋದ್ರು?"

ಜಟ್ಟೆಮ್ಮನ ಗಂಡ ಸತ್ತಿಲ್ಲ. ಅಥವಾ ಸತ್ತಿರಲೂಬಹುದು. ಯಾರಿಗೂ ಗೊತ್ತಿರಲಿಲ್ಲ. ಅದನ್ನು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಜಟ್ಟೆಮ್ಮ ಮೊರದಿಂದ ತಲೆ ಎತ್ತಲಿಲ್ಲ.

"ಮುತ್ತ ಇನ್ನಾ ಮೊಲಿ ಕುಡೀತಿದ್ದ. ನಿಮ್ಮಾವ ಮುಂಜಾನೆ ಎದ್ದು ಮಕ ತೊಳ್ಕೊಂಡು, ಟವೆಲ್ ಹೆಗಲ ಮ್ಯಾಲೆ ಹಾಕ್ಕೊಂಡು ಹೊಂಟ. ಕೈಯಾಗ ಒಂದ್ ಚೀಲ ಇತ್ತು. ಚೀಲ ಯಾಕ ಅಂತ ನನಗ ಬಾಯಿಗಿ ಬಂದಿತ್ತು. ಹೊರಟವ್ರನ್ನ ಕೇಳಬಾರದಲ್ಲ. ಕೇಳಲಿಲ್ಲ."

"ಆಮ್ಯಾಲೆ?"

"ಆಮ್ಯಾಲೇನು. ಬರಲಿಲ್ಲ. ಒಬ್ರು ಮುಂಬೈ ಅಂದ್ರು, ಒಬ್ರು ಪುಣೆ ಅಂದ್ರು. ಕಲ್ಲು ಬಂದದ ನೋಡು ಅದರಾಗ, ತೆಗಿ."

ನಾಗರತ್ನಾ ಕಲ್ಲು ತೆಗೆದಳು. ಜಟ್ಟೆಮ್ಮ ಇನ್ನೂ ಅದೇ ಕಾನೂನನ್ನು ಹಿಡಿದು ಕೂತಿರುವುದು ಯಾಕೆಂದು ಅವಳಿಗೆ ಆಗ ಹೊಳೆಯಲಿಲ್ಲ. ಬಹುಶಃ ಕೇಳಿದ್ದರೆ ನಿಲ್ಲುತ್ತಿದ್ದನೇನೋ ಎಂಬ ಮಾತನ್ನು ಒಮ್ಮೆ ಒಪ್ಪಿಕೊಂಡರೆ, ಆಕೆಗೆ ಅಷ್ಟೂ ವರ್ಷಗಳನ್ನು ಹೊರುವುದು ಕಷ್ಟವಾಗುತ್ತಿತ್ತು. ಕೇಳದಿದ್ದದ್ದೇ ಸರಿ ಎಂದುಕೊಂಡರೆ ಹಗುರ.

ಕೋರ್ಸ್ ಮುಗಿಯಿತು. ಎರಡನೆಯ ಸಲ ಯಂತ್ರದೊಳಗೆ ಹೋಗುವ ದಿನ ಮುತ್ತಣ್ಣನೂ ರಜೆ ಹಾಕಿ ಬಂದ. ಜಟ್ಟೆಮ್ಮ ಹೊಸ ಅರಿಶಿನದ ಕೊಂಬಿನೊಂದಿಗೆ ಬಂದಳು. ಮತ್ತೆ ಅದೇ ಮುಖಗಳು. ಈ ಸಲ ಕೆಲವು ಮುಖಗಳ ಮುಂದೆ ನಾಗರತ್ನಾಳ ಬೆರಳು ತಡೆಯಿತು. ಇದು ಸಿಟ್ಟೋ, ಖಾಲಿಯೋ? ಗೊತ್ತಿಲ್ಲ ಎನ್ನುವುದು ಅವಳಿಗೆ ಹೊಸ ಅನುಭವ.

ಹೊರಗೆ ಬಂದೊಡನೆ ಮುತ್ತಣ್ಣ ಡಾಕ್ಟರ ಮುಂದೆ ನಿಂತ.

"ಮೇಡಂ, ಹಳೇ ಫೋಟೋ, ಹೊಸಾ ಫೋಟೋ ಎರಡೂ ತೋರಿಸ್ರಿ. ಸುಧಾರ್ಸಿದಾಳೋ ಇಲ್ಲೋ?"

ಸೃಷ್ಟಿ ಅವನನ್ನು ಕೂರಿಸಿದರು.

"ಮುತ್ತಣ್ಣ ಅವರೇ, ಈ ಸ್ಕ್ಯಾನ್ ಹಾಗೆ ಹೇಳಲ್ಲ. ತುಂಬಾ ಜನರ ಸ್ಕ್ಯಾನ್ ಒಟ್ಟಿಗೆ ಸೇರಿಸಿ ನೋಡಿದಾಗ ಮಾತ್ರ ಏನಾದ್ರೂ ಬದಲಾವಣೆ ಇದೆಯಾ ಅಂತ ಗೊತ್ತಾಗುತ್ತೆ. ಅದೂ ಖಚಿತ ಅಂತ ಹೇಳೋಕೆ ಇನ್ನೂ ಸಮಯ ಬೇಕು. ಒಬ್ಬರ ಫೋಟೋ ನೋಡಿ ಇವರು ಪಾಸು, ಇವರು ಫೇಲು ಅನ್ನೋಕೆ ಆಗಲ್ಲ. ಮೊದಲೇ ಹೇಳಿದ್ದೆ ನಾಗರತ್ನಾಗೆ."

"ಮತ್ತ ನಮಗ ಹೆಂಗ ಗೊತ್ತಾಗಬೇಕು?"

"ಜೊತೆಗಿರೋರು ನೀವು. ನಿಮಗೇ ಗೊತ್ತಾಗಬೇಕು. ಇನ್ನೂ ಚಿಕಿತ್ಸೆ ಮುಂದುವರಿಸಬೇಕು, ಬಿಡಬಾರದು."

ಮುತ್ತಣ್ಣನ ಮುಖ ಕಪ್ಪಿಟ್ಟಿತು. ಯಂತ್ರದ ತೀರ್ಪು ಬರುತ್ತದೆ, ಯಾವ ಕಡೆ ಬಂದರೂ ತನ್ನ ಮೇಲೆ ತಪ್ಪು ಬರುವುದಿಲ್ಲ ಎಂದು ಅವನು ಇಷ್ಟು ದಿನ ನೆಮ್ಮದಿಯಿಂದಿದ್ದ. ಈಗ ಅದು ಅವನ ತಲೆಗೇ ಬಂದು ಕೂತಿತು. ಬಸ್ಸಿನಲ್ಲಿ ಮೂವರೂ ಮೂರು ಕಡೆ ನೋಡುತ್ತಾ ಬಂದರು.

ಮಾರನೆಯ ಸಂಜೆ ಅವನು ಓಣಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುವುದು ನಾಗರತ್ನಾಳ ಕಿವಿಗೆ ಬಿತ್ತು. ಆ ಕಡೆ ಇದ್ದವನು ಅವಳ ಅಣ್ಣ ನಿಂಗಣ್ಣ.

"ಹೂಂ, ನಾಳೆ ಹೊರಡ್ತೀನಿ. ಊರಾಗ ಹಿರಿಯರ ಮುಂದ ಕೂತು ಮಾತಾಡೂಣು. ಆಕಿಗಿ ಹೇಳಿಲ್ಲ. ಹೇಳಿದ್ರ ಬಿಡಾಂಗಿಲ್ಲ."

ಅವಳು ಪಾತ್ರೆ ತೊಳೆಯುತ್ತಿದ್ದಳು. ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತಿತು. ತನ್ನನ್ನು ಬಿಡುವ ಮಾತು ಹಿರಿಯರ ಮುಂದೆ ಆಗಲಿದೆ ಎಂದು ಗೊತ್ತಾಯಿತು. ಇಷ್ಟು ವರ್ಷ ಇಲ್ಲದ್ದನ್ನು ಇದೆ ಎಂದು ಅಂಜಿದ್ದಳು. ಈ ಸಲ ಅಂಜಿದ್ದು ನಿಜವೇ ಆಗಿತ್ತು. ಬಾಗಿಲಿಗೆ ಅಡ್ಡ ಮಲಗಬಹುದು, ಅವನ ಫೋನ್ ಕಿತ್ತು ಒಡೆಯಬಹುದು, ಇನ್ನೂ ಕೆಟ್ಟದ್ದೇನಾದರೂ ಮಾಡಬಹುದು. ಎಲ್ಲವೂ ಸಾಲಾಗಿ ಬಂದು ಅವಳ ಮುಂದೆ ನಿಂತವು. ಬಕೆಟ್ಟಿನ ನೀರಿನಲ್ಲಿ ಕೈಯಿಟ್ಟಳು. ನೀರು ತಣ್ಣಗಿತ್ತು. ನೀರು ತಣ್ಣಗಿದೆ ಎಂದುಕೊಂಡಳು. ಶಕೀಲಾಗೆ ಒಂದು ಫೋನ್ ಮಾಡಿದಳು, ಅವರು ಏನೂ ಕೇಳದೆ ಅವಳ ಅಳುವನ್ನು ಕೇಳಿಸಿಕೊಂಡರು.

ಬೆಳಗಾಯಿತು. ಮುತ್ತಣ್ಣನ ಚಪ್ಪಲಿ ಬಾಗಿಲಲ್ಲಿ ಇರಲಿಲ್ಲ, ಓಣಿಯ ಕೊನೆಗೆ ಹೋಗಿತ್ತು. ನಾಗರತ್ನಾ ಆ ದಿನ ಸ್ನಾನಕ್ಕೆ ಹೋಗಲಿಲ್ಲ, ನೀರಿಗೆ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತಿದ್ದಳು. ಅವನು ಕೋಣೆಯಿಂದ ಬಂದ. ಹೆಗಲಿಗೆ ಟವೆಲ್, ಕೈಯಲ್ಲಿ ಚೀಲ. ಅವಳನ್ನು ನೋಡಿ ಒಂದು ಕ್ಷಣ ನಿಂತ. ಮುಖದಲ್ಲಿ ಏನೂ ಇರಲಿಲ್ಲ. ಅವಳು ಆ ಮುಖವನ್ನು ನೋಡಿದಳು. ಸಿಟ್ಟಿಲ್ಲ. ದ್ವೇಷವೂ ಇಲ್ಲ. ನಿದ್ದೆಗೆಟ್ಟ, ಹೆದರಿದ ಮನುಷ್ಯನೊಬ್ಬನ ಮುಖ. ಅವನು ಅವಳಿಗೆ ಹೆದರಿದ್ದ. ಅದು ಕಂಡು ಅವಳಿಗೆ ಸಂಕಟವಾಯಿತು.

ಅವನು ಹೊಸ್ತಿಲು ದಾಟಿದ.

ಇವನು ಮತ್ತೆ ಬರುವುದಿಲ್ಲ ಎಂಬ ಸುದ್ದಿ ಬಂದು ಕೂತಿತು. ನಾಗರತ್ನಾ ಬಾಗಿಲ ಚೌಕಟ್ಟಿಗೆ ಅಂಗೈ ಒತ್ತಿ ಹಿಡಿದಳು. ಕಟ್ಟಿಗೆ ಒರಟಾಗಿದೆ. ಭಯ ಬಂದಿದೆ. ತುಂಬಾ ಭಯ ಬಂದಿದೆ. ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಹೋಗುವವನನ್ನು ಅವಳು ಕೂಗಲಿಲ್ಲ. ಹಿಂದೆ ಓಡಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮುಚ್ಚಿತ್ತು.

ಹಿಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಜಟ್ಟೆಮ್ಮ ಎದ್ದಳು. ಕೈತುಂಬ ಜೋಳದ ಹಿಟ್ಟು. ಸೊಸೆಯನ್ನು ಒಂದು ಸಲ ನೋಡಿದಳು, ಚೌಕಟ್ಟು ಹಿಡಿದ ಅವಳ ಕೈಯನ್ನು ನೋಡಿದಳು. ಅವಳನ್ನು ಪಕ್ಕಕ್ಕೆ ಸರಿಸಿ ಹೊಸ್ತಿಲು ದಾಟಿ, ಓಣಿಯ ನಡುವೆ ನಿಂತು, ಮಗನ ಬೆನ್ನಿಗೆ ಕೂಗಿದಳು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರೆಲ್ಲ ತಿರುಗಿದರು.

"ಏ ಮುತ್ತಾ! ಎಲ್ಲಿಗಿ ಹೊಂಟಿ?"

ಮುತ್ತಣ್ಣ ಹಾವು ತುಳಿದವನಂತೆ ನಿಂತ.

"ಯವ್ವಾ! ಹಿಂದಿಂದ ಕೂಗ್ತೀಯಲ್ಲ? ನೀನಽ ಹಿಂಗ ಕೇಳಿದ್ರ ಹೋದ ಕೆಲಸ ಕೆಡೂದಿಲ್ಲೇನು?"

"ಕೆಡ್ಲಿ ಅಂತಽ ಕೇಳೀನಿ. ಚೀಲ ಯಾಕ ಕೈಯಾಗ? ಹೇಳು. ಆಕಿ ಮಕ ನೋಡಿ ಹೇಳು. ಹೇಳಿ ಹೋಗು."

ಅವನು ಹೇಳಲು ಬಾಯಿ ತೆರೆದ. ನಿಂಗಣ್ಣನಿಗೆ ಫೋನಿನಲ್ಲಿ ಸಲೀಸಾಗಿ ಹೇಳಿದ್ದ ಮಾತು. ಬಾಗಿಲಲ್ಲಿ ಅಳುತ್ತಾ, ಸುಮ್ಮನೆ ನಿಂತಿದ್ದ ಹೆಂಡತಿಯ ಮುಖ ನೋಡಿ ಅದನ್ನು ಹೇಳಲು ಅವನಿಂದ ಆಗಲಿಲ್ಲ. ಇಷ್ಟು ವರ್ಷದಲ್ಲಿ ಅವಳು ತಾನು ಹೊರಟಾಗ ಕೂಗದೆ ನಿಂತದ್ದು ಇದೇ ಮೊದಲೆಂದು ಆಗ ಅವನ ತಲೆಗೆ ಹೋಯಿತು. ಆಸ್ಪತ್ರೆಯಲ್ಲಿ ಕೇಳಿದ್ದ ಪ್ರಶ್ನೆಗೆ ಉತ್ತರ ಅಲ್ಲೇ ನಿಂತಿತ್ತು. ಅವನು ಯಾರದೋ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು.

"ಊರಿಗಿ ಹೊಂಟಿದ್ದೆ" ಎಂದ. "ಇನ್ನ ಹೋಗೂದಿಲ್ಲ."

ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ಜಟ್ಟೆಮ್ಮನ ಕಾನೂನು ಸುಳ್ಳಾಗಲಿಲ್ಲ. ಕೆಲಸ ಕೆಟ್ಟಿತು. ಆಕೆ ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡು ಒಳಗೆ ಹೋದಳು. ಹಂಚಿನ ಮೇಲಿದ್ದ ರೊಟ್ಟಿ ಸೀದು ಕರಿಯಾಗಿತ್ತು.

ಆಮೇಲೆ ಎಲ್ಲರೂ ಸುಖವಾಗಿದ್ದರೆಂದು ಹೇಳಿದರೆ ನಾಗರತ್ನಾಳೇ ನಕ್ಕಾಳು. ಅವಳ ಒಲೆ ಈಗಲೂ ಬೇಗ ಹೊತ್ತಿಕೊಳ್ಳುತ್ತದೆ. ಹೋದ ತಿಂಗಳು ಒಂದು ಸ್ಟೀಲ್ ಡಬ್ಬಿ ಹೊರಗೆ ಹಾರಿ ಎದುರುಮನೆಯ ಚಾಂದ್ ಬೀಯ ಬಾಗಿಲಿಗೆ ಬಡಿಯಿತು. ಆಸ್ಪತ್ರೆಗೆ ಹೋಗುವುದನ್ನು ಅವಳು ಬಿಟ್ಟಿಲ್ಲ. ಅಧ್ಯಯನದಲ್ಲಿ ಏನು ಗೊತ್ತಾಯಿತೋ, ಅದು ಇನ್ನೂ ಅವರ ಮನೆಯ ತನಕ ಬಂದಿಲ್ಲ.

ಆದರೆ ಮುತ್ತಣ್ಣ ಈಗ ಚಪ್ಪಲಿಯನ್ನು ಬಾಗಿಲಲ್ಲೇ ಬಿಡುತ್ತಾನೆ. ಮೊನ್ನೆ ಹೊರಡುವಾಗ ಹೊಸ್ತಿಲ ಮೇಲೆ ನಿಂತು, ಯಾರೂ ಕೇಳದಿದ್ದರೂ, ತಾನಾಗೇ ಹೇಳಿದ.

"ಹೊಸಕೋಟಿಗಿ ಹೊಂಟೀನಿ. ಊಟದ ಹೊತ್ತಿಗಿ ಬರ್ತೀನಿ. ತಡ ಆದ್ರ ಫೋನ್ ಮಾಡ್ತೀನಿ."

ನಾಗರತ್ನಾ ಹೂಂ ಎಂದಳು. ಅಂಗೈ ಚೌಕಟ್ಟಿನ ಮೇಲಿತ್ತು. ಟ್ಯಾಂಕರಿನ ಸದ್ದು ದೂರವಾದ ಮೇಲೆ ಒಳಗಿನಿಂದ ಅತ್ತೆ ಕೇಳಿದಳು.

"ನಾಗೀ, ಹೊಸಕೋಟಿ ಅಂದ್ನಲ್ಲ, ಅದು ಎಷ್ಟು ದೂರ ಆಗ್ತದ?"

"ದೂರೇನಿಲ್ಲ ಅತ್ತಿ. ಟಿನ್ ಫ್ಯಾಕ್ಟರಿ ದಾಟಿ, ಕೆ.ಆರ್. ಪುರ ದಾಟಿ ಹೋದ್ರ ಬರ್ತದ."

ಜಟ್ಟೆಮ್ಮ ಹಿಟ್ಟಿನ ಮುಂದಿನ ಉಂಡೆ ಕೈಗೆತ್ತಿಕೊಂಡಳು. ಮನೆಯ ಗಂಡಸು ಎಲ್ಲಿಗೆ ಹೋಗಿದ್ದಾನೆಂದು ತಿಳಿದುಕೊಂಡು ರೊಟ್ಟಿ ಬಡಿಯುವುದು ಆಕೆಯ ಜೀವಮಾನದಲ್ಲಿ ಇನ್ನೂ ಹೊಸದು.